ಸರ್ವರ್ ಪುನರಾರಂಭದ ಬಳಿಕ ತೋರುವ ದೋಷಗಳು: ಲಕ್ಷಣ, ಕಾರಣ, ಪರಿಹಾರ

ಅನೇಕ ಕಚೇರಿ ಹಾಗೂ ಪ್ರಯೋಗಾಲಯಗಳಲ್ಲಿ ಕಡತಗಳೆಲ್ಲ ಒಂದೇ ಸರ್ವರ್ ಗಣಕದಲ್ಲಿದ್ದು, ಉಳಿದ ಗಣಕಗಳು ಅವನ್ನು ಜಾಲದ ಮೂಲಕ ತಮ್ಮವೇ ಎಂಬಂತೆ ಬಳಸುತ್ತವೆ. ಇಂತಹ ಏರ್ಪಾಡುಗಳಲ್ಲಿ ಪ್ರಸಿದ್ಧವಾದುದು ನೆಟ್‌ವರ್ಕ್ ಫೈಲ್ ಸಿಸ್ಟಮ್, ಸಂಕ್ಷೇಪದಲ್ಲಿ ಎನ್.ಎಫ್.ಎಸ್. 1980ರ ದಶಕದ ಮಧ್ಯದಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಇದನ್ನು ರೂಪಿಸಿತು. ಸರ್ವರ್ ನಿಂತು ಪುನಃ ಆರಂಭವಾದಾಗ, ಅದನ್ನು ಅವಲಂಬಿಸಿದ ಕ್ಲೈಂಟ್ ಗಣಕಗಳಲ್ಲಿ ದೋಷಸೂಚನೆಗಳು ತೋರುವುದುಂಟು. ಆಗ ಗಾಬರಿಗೊಂಡು ಕ್ಲೈಂಟನ್ನೂ ನಿಲ್ಲಿಸಿ ಚಾಲೂ ಮಾಡುವುದು ಹಲವರ ರೂಢಿ. ರೋಗವನ್ನರಿಯದೆ ಮಾಡುವ ಈ ಚಿಕಿತ್ಸೆಯಿಂದ ದಿನವೆಲ್ಲ ದುಡಿದು ಬರೆದದ್ದೇ ನಷ್ಟವಾದೀತು. ಆದುದರಿಂದ ದೋಷಗಳ ಎರಡು ಬಗೆಗಳನ್ನು ಮೊದಲು ಅರಿಯಬೇಕು.

ತಾನಾಗಿ ಶಮನವಾಗುವ ದೋಷ

'ಸರ್ವರ್ ಉತ್ತರಿಸುತ್ತಿಲ್ಲ' ಎಂಬ ಸೂಚನೆ ಈ ಬಗೆಯದು. 'ಹಾರ್ಡ್' ಎಂಬ ವಿಧಾನದಲ್ಲಿ ಮೌಂಟ್ ಮಾಡಿದ್ದರೆ, ಕ್ಲೈಂಟ್ ತನ್ನ ಬೇಡಿಕೆಯನ್ನು ಮತ್ತೆ ಮತ್ತೆ ಕಳುಹಿಸುತ್ತ ಕಾಯುತ್ತದೆ. 1995ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯಿಂದೀಚೆಗೆ, ಬರಹವು ಡಿಸ್ಕಿನಲ್ಲಿ ಭದ್ರವಾಯಿತೆಂದು ಸರ್ವರ್ ದೃಢಪಡಿಸುವ ತನಕ ಅದರ ಪ್ರತಿ ಕ್ಲೈಂಟಿನ ಸ್ಮೃತಿಯಲ್ಲಿ ಉಳಿದಿರುತ್ತದೆ. ಸರ್ವರ್ ಪುನರಾರಂಭಗೊಂಡರೆ ಅದು ಕೊಡುವ ಒಂದು ಸಂಕೇತಸಂಖ್ಯೆ ಬದಲಾಗುತ್ತದೆ. ಇದನ್ನು ಕಂಡ ಕ್ಲೈಂಟ್ ಆ ಪ್ರತಿಯನ್ನು ಮರಳಿ ಕಳುಹಿಸುತ್ತದೆ. ನಡುವೆ ಕ್ಲೈಂಟನ್ನು ನಿಲ್ಲಿಸಿದರೆ ಉಳಿದಿದ್ದ ಆ ಪ್ರತಿಯೂ ಅಳಿಯುತ್ತದೆ. 'ಸಾಫ್ಟ್' ವಿಧಾನದಲ್ಲಾದರೋ ಕೆಲವು ಪ್ರಯತ್ನಗಳ ನಂತರ ಕ್ಲೈಂಟ್ ಕೈಬಿಡುವುದರಿಂದ ಬರಹ ಅಪೂರ್ಣವಾಗುವ ಭಯವುಂಟು.

ನಾಲ್ಕನೆಯ ಆವೃತ್ತಿಯಲ್ಲಿ, ಹಿಂದೆ ಕಡತಗಳ ಮೇಲೆ ಬೀಗ ಪಡೆದವರು ಅದನ್ನು ಮರಳಿ ಪಡೆಯಲೆಂದು ಸರ್ವರ್ ಕೊಂಚ ಕಾಲ ಹೊಸಬರನ್ನು ತಡೆಯುತ್ತದೆ. ಲಿನಕ್ಸ್ ಸರ್ವರ್‌ಗಳಲ್ಲಿ ಈ ಅವಧಿ ಸಾಮಾನ್ಯವಾಗಿ 90 ಸೆಕೆಂಡು. ಈ ವಿಳಂಬವನ್ನು ದೋಷವೆಂದು ಭಾವಿಸಬಾರದು.

ಉಪಚಾರ ಬೇಡುವ ದೋಷ

'ಸ್ಟೇಲ್ ಫೈಲ್ ಹ್ಯಾಂಡಲ್' ಎಂಬುದು ಎರಡನೆಯ ಬಗೆ. ಹ್ಯಾಂಡಲ್ ಎಂದರೆ ಪ್ರತಿಯೊಂದು ಕಡತಕ್ಕೂ ಸರ್ವರ್ ಕೊಡುವ ಗುರುತಿನ ಬಿಲ್ಲೆ. ಕಡತ ಯಾವ ಕಡತವ್ಯವಸ್ಥೆಗೆ ಸೇರಿದೆ, ಅಲ್ಲಿ ಅದರ ಸಂಖ್ಯೆ ಯಾವುದು ಎಂಬ ವಿವರಗಳು ಅದರಲ್ಲಿ ಅಡಗಿರುತ್ತವೆ. ಪುನರಾರಂಭ ಮಾತ್ರದಿಂದಲೇ ಬಿಲ್ಲೆ ಕೆಡುವುದಿಲ್ಲ. ಡಿಸ್ಕ್ ಮೌಂಟ್ ಆಗುವ ಮೊದಲೇ ಅದರ ಬರಿದಾದ ಡೈರೆಕ್ಟರಿ ಹಂಚಿಕೆಯಾದರೆ, ಡಿಸ್ಕುಗಳ ಕ್ರಮ ಬದಲಾಗಿ ಗುರುತೂ ಬದಲಾದರೆ, ಅಥವಾ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿದ್ದರೆ ಹಳೆಯ ಬಿಲ್ಲೆ ಸಲ್ಲದು.

ಪರಿಹಾರಕ್ರಮ

1. ಸರ್ವರ್ ಜಾಲದಲ್ಲಿ ದೊರೆಯುತ್ತಿದೆಯೇ ಎಂಬುದನ್ನು 'ಪಿಂಗ್' ಆಜ್ಞೆಯಿಂದಲೂ, ಎನ್.ಎಫ್.ಎಸ್. ಸೇವೆ ನಡೆಯುತ್ತಿದೆಯೇ ಎಂಬುದನ್ನು ಸರ್ವರಿನಲ್ಲಿಯೂ ಪರೀಕ್ಷಿಸಬೇಕು.

2. ಸರಿಯಾದ ಡಿಸ್ಕ್ ಸರಿಯಾದ ಸ್ಥಾನದಲ್ಲಿ ಮೌಂಟ್ ಆಗಿದೆಯೇ ಎಂದು ನೋಡಿ, ಬಳಿಕ ಹಂಚಿಕೆಯನ್ನು ನವೀಕರಿಸಬೇಕು. ಇಷ್ಟರಿಂದಲೇ ಕೆಲವೊಮ್ಮೆ ಹಳೆಯ ಬಿಲ್ಲೆಗಳು ಮತ್ತೆ ಸಲ್ಲುತ್ತವೆ.

3. ಆಮೇಲೂ ದೋಷ ಉಳಿದರೆ, ಕ್ಲೈಂಟಿನಲ್ಲಿ ತೆರೆದ ಕೆಲಸವನ್ನು ಸ್ಥಳೀಯ ಡಿಸ್ಕಿಗೆ ಉಳಿಸಿ, ಕಡತಗಳನ್ನು ಮುಚ್ಚಿ, ಮೌಂಟ್ ಕಳಚಿ ಮರಳಿ ಜೋಡಿಸಬೇಕು. ಕ್ಲೈಂಟನ್ನು ಪುನರಾರಂಭಿಸುವುದು ಕಟ್ಟಕಡೆಯ ಉಪಾಯ.

ರೋಗ ಬಂದ ಮೇಲಿನ ಔಷಧಿಗಿಂತ ಮುನ್ನೆಚ್ಚರಿಕೆಯೇ ಲೇಸು. ಲಿನಕ್ಸ್ ಸರ್ವರಿನ 'ಎಕ್ಸ್‌ಪೋರ್ಟ್ಸ್' ಕಡತದಲ್ಲಿ ಪ್ರತಿಯೊಂದು ಹಂಚಿಕೆಗೂ 'ಎಫ್‌ಎಸ್‌ಐಡಿ' ಎಂಬ ಸ್ಥಿರ ಗುರುತನ್ನು ಕೊಟ್ಟು, ಡಿಸ್ಕ್ ಸಿದ್ಧವಾದ ಮೇಲೆಯೇ ಹಂಚಿಕೆ ತೊಡಗುವಂತೆ ಏರ್ಪಡಿಸಿದರೆ, ಈ ತೊಂದರೆ ಬಹುಮಟ್ಟಿಗೆ ದೂರವಾಗುತ್ತದೆ.