ಡಿಗ್ರಿಗೆ 111 ಕಿಲೋಮೀಟರ್

ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು. ಲೆಕ್ಕದಲ್ಲಿ ಫೇಲಾದದ್ದು ನಿವೃತ್ತಿಯ ಮೇಲೆ.

ಭಾವ ರೇಷ್ಮೆ ಸೀರೆ ನೇಯುವವರು. ದೆಹಲಿಯ ಮೇಳಕ್ಕೆ ಜೊತೆಗೆ ಬಾ ಎಂದರು. ಇಬ್ಬರಿಗೂ ಅದು ಮೊದಲ ವಿಮಾನ. ಹಳೇ ಅಟ್ಲಾಸ್ ಬಿಚ್ಚಿ ಕೂತೆ. ಬೆಂಗಳೂರಿನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6ರಲ್ಲಿ. ರೇಖಾಂಶ ಹೆಚ್ಚುಕಡಿಮೆ ಒಂದೇ, ಅಂದರೆ ದಾರಿ ನೆಟ್ಟಗೆ ಉತ್ತರಕ್ಕೆ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ.; 15.4ರಿಂದ ಗುಣಿಸಿದರೆ 1,709. ಪಾಠಕ್ಕೆಂದೇ ಮಾಡಿಸಿದಂಥ ಜೋಡಿ! ಪೂರ್ವ–ಪಶ್ಚಿಮಕ್ಕೆ ಇಷ್ಟು ಸಲೀಸಲ್ಲ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುವುದರಿಂದ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಹಾಗೆ ಮೊಳಕಾಲ್ಮೂರು–ಚಳ್ಳಕೆರೆಯ ನೇರ ದೂರವನ್ನೂ ತೆಗೆದೆ: ಸುಮಾರು 45 ಕಿ.ಮೀ.

ವೇಗ ಗಂಟೆಗೆ 850 ಎಂದು ಹಿಡಿದೆ. ಎರಡೇ ಗಂಟೆ. ಟಿಕೆಟ್ಟಿನಲ್ಲಿ ಎರಡೂಮುಕ್ಕಾಲು.

"ತಡವಾದರೂ ಟೈಮಿಗೆ ಬಂದ್ವಿ ಅನ್ನಿಸಿಕೊಳ್ಳೋಕೆ ಜಾಸ್ತಿ ಹಾಕಿರ್ತಾರೆ ಭಾವ."

"ಮೇಷ್ಟ್ರು ಹೇಳಿದ ಮೇಲೆ ಮುಗೀತು."

ನನ್ನ ಮಾತು ಪೂರ್ತಿ ಸುಳ್ಳಲ್ಲ, ಸ್ವಲ್ಪ ಹೆಚ್ಚು ಹಾಕುವುದು ನಿಜ. ಆದರೆ ಟಿಕೆಟ್ಟಿನ ಸಮಯ ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಇನ್ನೊಂದು ಊರಲ್ಲಿ ಬಂದು ನಿಲ್ಲುವವರೆಗಿನದು. ರನ್‌ವೇವರೆಗೆ ಎತ್ತಿನಗಾಡಿಯಂತೆ ಉರುಳುವುದು, ಸರದಿಗೆ ಕಾಯುವುದು, ಏರುವಾಗ ಇಳಿಯುವಾಗ ವೇಗ ತಗ್ಗುವುದು, ಸುತ್ತುವ ದಾರಿ, ಎಲ್ಲವೂ ಅದರೊಳಗೇ. 850 ಸಿಗುವುದು ನಡುವೆ ಮಾತ್ರ. ಗಾಳಿಯದು ಬೇರೆ ತಕರಾರು. ದುಬೈನಲ್ಲಿರುವ ಮಗಳು ಊರಿಗೆ ಬರುವಾಗ ಪಶ್ಚಿಮದ ಮೇಲ್ಗಾಳಿ ಬೆನ್ನಿಗಿರುತ್ತದೆ, ವಾಪಸ್ ಹೋಗುವಾಗ ಎದುರಿಗೆ. ಗಡಿಯಾರದ ಒಂದೂವರೆ ಗಂಟೆ ವ್ಯತ್ಯಾಸ ಸರಿಮಾಡಿದ ಮೇಲೂ ಎರಡು ಪ್ರಯಾಣ ಸಮವಾಗುವುದಿಲ್ಲ.

ಇದೆಲ್ಲ ಆಮೇಲೆ ತಿಳಿದದ್ದು. ದೆಹಲಿಯಿಂದ ಮೂರಕ್ಕೆ ಹೊರಟರೆ ಐದಕ್ಕೆ ಇಳಿಯುತ್ತೇವೆಂದು, ಐದೂವರೆಗೆ ದೇವನಹಳ್ಳಿಯಿಂದ ಹೊರಡುವ ಪರಿಚಯದವರ ಕಾರು ಗೊತ್ತುಮಾಡಿದ್ದೆ. ಸೀರೆ ಗಂಟು ಕೈಗೆ ಸಿಕ್ಕಾಗ ಆರೂಕಾಲು. ಕಾರು ಹೋಗಿತ್ತು. ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಹಿಡಿದು ಚಳ್ಳಕೆರೆ ಸೇರಿದಾಗ ನಡುರಾತ್ರಿ ದಾಟಿತ್ತು. ಮುಂದಕ್ಕೆ ಬೆಳಗಿನ ತನಕ ಬಸ್ಸಿಲ್ಲ.

ಗಂಟಿಗೆ ಒರಗಿ ಕೂತೆವು. ಇದೇ ಚಳ್ಳಕೆರೆ ಬಳಿಯ ಡಿಆರ್‌ಡಿಒ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕಳಚಿಕೊಂಡು, ತಾನೇ ದಾರಿ ಲೆಕ್ಕ ಹಾಕಿ ಇಳಿಯಿತು. 2024ರಲ್ಲಿ ಮತ್ತೆರಡು ಸಲ. ಭಾವನಿಗೆ ಹೇಳಿದೆ. "ಅದಕ್ಕೆ ಗಣಿತ ಹೇಳಿದೋರು ಯಾರೋ!" ಎಂದು ಟವೆಲ್ ಹೊದ್ದರು.

ಬೆಳಗಿನ ಬಸ್ಸಿಗೆ ಹತ್ತಿ, ಕಂಡಕ್ಟರನ್ನು ಮೊಳಕಾಲ್ಮೂರಿಗೆ ಎಷ್ಟು ಹೊತ್ತಪ್ಪಾ ಎಂದೆ.

"ಜನ ಹತ್ತೋದು, ಇಳಿಯೋದರ ಮೇಲೆ ಸಾರ್."