ಹಳೆಯ ಟ್ರಾನ್ಸ್‌ಮಿಟರ್ ಗುಂಯ್‌ಗುಟ್ಟುತ್ತಿದೆಯೇ?

ಹೀತ್‌ಕಿಟ್ ಡಿಎಕ್ಸ್-60 ಅಮೆರಿಕದ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) 1960ರ ದಶಕದಲ್ಲಿ ಮನೆಯಲ್ಲೇ ಜೋಡಿಸಿಕೊಂಡ ಸೆಟ್ಟು. ಇಂಥ ವಾಲ್ವ್ ಸೆಟ್ಟಿನಲ್ಲಿ ಮಾತಿನ ಹಿಂದೆ ಗುಂಯ್ ಎಂಬ ಸದ್ದು ಬಂದರೆ ಹಲವರು ಕಂಡೆನ್ಸರ್‌ಗಳನ್ನೆಲ್ಲ ಕೀಳಲು ಹೊರಡುತ್ತಾರೆ. ದಯವಿಟ್ಟು ಬೇಡ. ಮೊದಲು ಕಿವಿಗೊಟ್ಟು ಕೇಳಿ. ದೋಷ ಎಲ್ಲಿದೆ ಎಂಬುದನ್ನು ಆ ಸದ್ದೇ ತೋರಿಸುತ್ತದೆ.

ಆಂಟೆನಾ ಕಳಚಿ ಡಮ್ಮಿ ಲೋಡ್ ಹಾಕಿ, ರಿಸೀವರ್‌ನ ಗೇನ್ ತಗ್ಗಿಸಿ ಹೆಡ್‌ಫೋನ್‌ನಲ್ಲಿ ಕೇಳಿ. ಸದ್ದು ಮಾಯವಾದರೆ ಆಂಟೆನಾದ ರೇಡಿಯೊ ಅಲೆ (ಆರ್‌ಎಫ್) ಮೈಕಿನ ತಂತಿಗೋ ಕರೆಂಟಿನ ತಂತಿಗೋ ನುಗ್ಗುತ್ತಿರಬಹುದು. ಆಗ ಅರ್ಥಿಂಗ್ ಸರಿಪಡಿಸಿ.

ಸದ್ದು ಉಳಿದರೆ ಆಡಿಯೊ ಗೇನ್ ಪೂರ್ತಿ ಇಳಿಸಿ. ನಿಂತಿತೇ? ದೋಷ ಮೈಕಿನಲ್ಲೋ ಮೊದಲ ಆಡಿಯೊ ಹಂತದಲ್ಲೋ ಇದೆ. ಮೈಕ್ ಪ್ಲಗ್ಗಿನೊಳಗೆ ಶೀಲ್ಡಿನ ಬೆಸುಗೆ ಬಿಟ್ಟಿರುವುದೇ ಹೆಚ್ಚು. ಅದು ಸರಿಯಿದ್ದರೆ, ಮುಚ್ಚಳ ತೆಗೆಯುವ ಬಗ್ಗೆ ಕೆಳಗೆ ಹೇಳಿರುವ ಎಚ್ಚರಿಕೆ ಪಾಲಿಸಿ, ಆ ಹಂತದ 12ಎಎಕ್ಸ್7 ವಾಲ್ವ್ ಬದಲಿಸಿ ನೋಡಿ. ಹೀಟರ್‌ನಿಂದ ಕ್ಯಾಥೋಡ್‌ಗೆ ಸೋರಿಕೆಯಾದರೂ ಇದೇ ಸದ್ದು.

ಗೇನ್ ಇಳಿಸಿದರೂ ನಿಲ್ಲಲಿಲ್ಲವೆಂದರೆ ಸ್ಥಾಯಿ ಗಮನಿಸಿ. ಅಮೆರಿಕದ ಸೆಟ್ಟಿಗೆಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ನಮ್ಮ ಕರೆಂಟು 50 ಹರ್ಟ್ಸೇ. ಫುಲ್‌ವೇವ್ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಆಗುತ್ತದೆ. ಷಡ್ಜಕ್ಕೂ ತಾರಷಡ್ಜಕ್ಕೂ ಇರುವಷ್ಟೇ ಅಂತರ, ಕಿವಿಗೆ ತಿಳಿಯುತ್ತದೆ. 100 ಕೇಳಿಸಿದರೆ ಫಿಲ್ಟರ್ ಕಂಡೆನ್ಸರ್ ಒಣಗಿರಬಹುದು. 50 ಆದರೆ ಹೀಟರ್ ಸೋರಿಕೆ ಇರಬಹುದು, ಇಲ್ಲವೇ ಒಂದು ಡಯೋಡ್ ಹೋಗಿರಬಹುದು.

ಇನ್ನು ಮುಚ್ಚಳ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಜೀವಕ್ಕೇ ಸಂಚಕಾರ. ಒಳಗಿರುವುದು ನೂರಾರು ವೋಲ್ಟ್. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಕಂಡೆನ್ಸರ್ ಖಾಲಿಮಾಡುವ ಬ್ಲೀಡರ್ ರೆಸಿಸ್ಟರ್ ಸುಟ್ಟಿದ್ದರೆ ಚಾರ್ಜ್ ಬಹಳ ಹೊತ್ತು ಉಳಿಯುತ್ತದೆ. ಚಾಸಿಗೆ ಜೋಡಿಸಿದ ರೆಸಿಸ್ಟರ್ ಇರುವ, ಇನ್ಸುಲೇಟೆಡ್ ಹಿಡಿಯ ಕೋಲನ್ನು ಪ್ರತಿ ಕಂಡೆನ್ಸರ್‌ಗೆ ಮುಟ್ಟಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈಹಾಕಿ.

ಅನುಮಾನವಿರುವ ಕಂಡೆನ್ಸರ್‌ಗೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನ ಹೊಸದನ್ನು ಧ್ರುವ ನೋಡಿ ಸಮಾಂತರವಾಗಿ ಕ್ಲಿಪ್ ಮಾಡಿ, ಆಮೇಲೆ ಕರೆಂಟು ಕೊಡಿ. ಗುಂಯ್ ತಗ್ಗಿದರೆ ಪತ್ತೆಯಾಯಿತು. ಮತ್ತೆ ಪ್ಲಗ್ ಕಿತ್ತು, ಖಾಲಿ ಮಾಡಿ, ಹಳೆಯದರ ತಂತಿ ಬಿಡಿಸಿ ಹೊಸದನ್ನು ಬೆಸೆಯಿರಿ. ಹಳೆಯದನ್ನು ಜೊತೆಯಲ್ಲೇ ಬಿಟ್ಟರೆ ಮುಂದೊಂದು ದಿನ ಅದು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು.