ಟೀಪಾಯಿ ಕೊಳ್ಳುವ ಮುನ್ನ ಬಗ್ಗಿ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೈಯಲ್ಲಿ ಕಾಸೂ ಉಳಿದಿರುವುದಿಲ್ಲ, ಯೋಚಿಸುವ ತ್ರಾಣವೂ ಉಳಿದಿರುವುದಿಲ್ಲ. ಸೋಫಾಕ್ಕಾಗಿ ನಾಲ್ಕು ಅಂಗಡಿ ಸುತ್ತುತ್ತೀರಿ, ಪರದೆಯ ಬಣ್ಣಕ್ಕೆ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತೀರಿ. ಟೀಪಾಯಿಯನ್ನು ಮಾತ್ರ ಫೋನಿನಲ್ಲಿ ಚಿತ್ರ ನೋಡಿ ರಾತ್ರೋರಾತ್ರಿ ತರಿಸಿಬಿಡುತ್ತೀರಿ. ಆಮೇಲೆ ಅದೇ ಟೀಪಾಯಿ ಬರುವಾಗ ಹೋಗುವಾಗ ಮೊಣಕಾಲಿಗೆ ಬಡಿಯುತ್ತದೆ. ಹಳೆಯ ಕಾಲದ್ದು ತರಲೋ, ಈಗಿನ ಮಾದರಿಯದು ತರಲೋ ಎಂದು ನೀವು ಕೇಳುವುದು ಸರಿಯೇ. ಆದರೆ ಅದು ಎರಡನೆಯ ಪ್ರಶ್ನೆ. ನಿಮ್ಮ ಹಾಲ್‌ನಲ್ಲಿ ಯಾರು ಕೂರುತ್ತಾರೆ, ಯಾರು ಓಡಾಡುತ್ತಾರೆ, ಅಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಟೇಪು ಹಿಡಿಯಿರಿ. ಸೋಫಾದಲ್ಲಿ ನೀವು ಕೂರುವ ಮೆತ್ತೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಸಾಮಾನ್ಯವಾಗಿ 16ರಿಂದ 18 ಇಂಚು ಇರುತ್ತದೆ. ಟೀಪಾಯಿಯೂ ಅಷ್ಟೇ ಎತ್ತರ ಇರಲಿ, ಇಲ್ಲವೇ ಒಂದೆರಡು ಇಂಚು ತಗ್ಗಿರಲಿ. ಈಗ 12 ಇಂಚಿನ ಕುಳ್ಳ ಟೀಪಾಯಿಗಳ ಮೇಲೆ ಎಲ್ಲರಿಗೂ ಮೋಹ. ನೋಡಲು ಚಂದ, ನಿಜ. ಆದರೆ ಕಾಫಿ ಲೋಟ ಎತ್ತಿಕೊಳ್ಳಲು ನಿಮ್ಮ ಅತ್ತೆಯವರು ಪ್ರತಿಸಲ ಸೊಂಟ ಬಗ್ಗಿಸಬೇಕಾಗುತ್ತದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಲೋಟವನ್ನು ಕೈಯಲ್ಲೇ ಹಿಡಿದು ಕೂರುತ್ತಾರೆ. ನೀವು ಗಮನಿಸಬೇಕು. ಟೀಪಾಯಿಯ ಉದ್ದ ಸೋಫಾದ ಮೂರರಲ್ಲಿ ಎರಡು ಪಾಲು ಸಾಕು, ಅಂದರೆ ಆರಡಿ ಸೋಫಾಕ್ಕೆ ನಾಲ್ಕಡಿ. ಎರಡರ ನಡುವೆ ಒಂದೂಕಾಲರಿಂದ ಒಂದೂವರೆ ಅಡಿ ಜಾಗ ಬಿಡಿ. ಅಡುಗೆಮನೆಗೆ, ಬಾಗಿಲಿಗೆ ಓಡಾಡುವ ದಾರಿಯ ಕಡೆ ಎರಡೂವರೆ ಅಡಿ ಬೇಕು. ಲೆಕ್ಕ ತಲೆಗೆ ಹತ್ತದಿದ್ದರೆ ಹಳೆಯ ಪೇಪರುಗಳನ್ನು ಆ ಅಳತೆಗೆ ಜೋಡಿಸಿ ನೆಲಕ್ಕೆ ಅಂಟಿಸಿ, ಎರಡು ದಿನ ಹಾಗೇ ಓಡಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ದುಡ್ಡಿಗಷ್ಟೇ ಅಲ್ಲ, ಹತ್ತಕ್ಕೆ ಹನ್ನೆರಡಡಿಯ ಹಾಲ್‌ಗೂ ಸಲ್ಲುತ್ತದೆ.

ನಮ್ಮ ಮನೆಗಳಿಗೆ ಇನ್ನೊಂದು ಲೆಕ್ಕವಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ವರಮಹಾಲಕ್ಷ್ಮಿ ಹಬ್ಬ, ದಸರೆಯ ಗೊಂಬೆ, ಸೀಮಂತ, ಸತ್ಯನಾರಾಯಣ ಪೂಜೆ ಎಲ್ಲ ನಡೆಯುವುದು ಹಾಲ್‌ನಲ್ಲೇ. ಆಗ ಟೀಪಾಯಿಯನ್ನು ರೂಮಿಗೆ ಸಾಗಿಸಿ ಜಮಖಾನ ಹಾಸಬೇಕು. ಮೂರಡಿ ಉದ್ದ, ಎರಡಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಹಲಗೆಯೊಂದೇ ಸುಮಾರು 30 ಕೆ.ಜಿ. ತೂಗುತ್ತದೆ, ಕಾಲುಗಳ ಭಾರ ಬೇರೆ. ಇಬ್ಬರು ಸೇರಿ ಆರಾಮಾಗಿ ಎತ್ತಲಾಗದ ಟೀಪಾಯಿ ನಮಗೆ ಬೇಡ. ಜಾಗ ಕಡಿಮೆ ಇದ್ದವರು ಒಂದರಡಿ ಒಂದು ಸೇರಿಕೊಳ್ಳುವ ಮೂರು ಸಣ್ಣ ಟೀಪಾಯಿಗಳ ಸೆಟ್ಟು ತೆಗೆದುಕೊಳ್ಳಿ. ನೆಂಟರು ಬಂದಾಗ ಹರಡಿ, ಹೋದ ಮೇಲೆ ಒಳಗೆ ತಳ್ಳಿಬಿಡಿ. ನಿಮ್ಮದು ರೆಡ್ ಆಕ್ಸೈಡ್ ನೆಲವಾದರೆ ಕಾಲುಗಳ ಅಡಿಗೆ ದಪ್ಪ ಬಟ್ಟೆಯ ಬಿಲ್ಲೆ ಅಂಟಿಸಿ. ಎಳೆದಾಡುವ ಅಭ್ಯಾಸವನ್ನಂತೂ ಬಿಟ್ಟುಬಿಡಿ.

ಹಳೆಯದೇ ಬೇಕು ಎನ್ನುವವರು ಮೊದಲು ಊರಿನ ಮನೆಯ ಅಟ್ಟ ಹತ್ತಿ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಅಜ್ಜಿ ತವರಿನಿಂದ ತಂದ ಹಲಸಿನ ಮರದ ಪೆಟ್ಟಿಗೆ ಅಲ್ಲಿ ಧೂಳು ತಿನ್ನುತ್ತಿರಬಹುದು. ಮುಚ್ಚಳ ಚಪ್ಪಟೆಯಾಗಿದ್ದರೆ ಅದಕ್ಕಿಂತ ಒಳ್ಳೆಯ ಟೀಪಾಯಿ ಸಿಗದು, ಒಳಗೆ ಹೊದಿಕೆಗಳನ್ನೂ ತುಂಬಿಡಬಹುದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಚಿಲಕ ಭದ್ರ ಮಾಡಿಸಿ, ಆ ಮುಚ್ಚಳ ಬೆರಳಿನ ಮೇಲೆ ಬಿದ್ದರೆ ಕಷ್ಟ. ಇನ್ನೊಂದು ಮಾತು, ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರನ್ನು ಕೇಳಿಯೇ ತನ್ನಿ. ಒಂದು ಪೆಟ್ಟಿಗೆಗಾಗಿ ಮನೆಮಂದಿ ಮಾತು ಬಿಡುವುದು ಬೇಡ.

ಅಟ್ಟದಲ್ಲಿ ಏನೂ ಸಿಗದಿದ್ದರೆ ಅಂಗಡಿಗೆ ಹೋಗಿ. ಬೆಂಗಳೂರಿನ ಶಿವಾಜಿನಗರವಾಗಲಿ, ತಮಿಳುನಾಡಿನ ಕಾರೈಕುಡಿಯಾಗಲಿ, ಕೊಚ್ಚಿಯ ಮಟ್ಟಾಂಚೇರಿಯಾಗಲಿ, ಮೇಲಿನ ಹೊಳಪು ಸವರುತ್ತ ನಿಲ್ಲಬೇಡಿ. ಬಗ್ಗಿ ಅಡಿ ನೋಡಿ. ಆಗುವುದಾದರೆ ಮಗುಚಿ ಹಾಕಿಸಿಯೇ ನೋಡಿ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಇಲ್ಲಿ ಮರೆಯಲೇಬಾರದು. ಗುಂಡುಸೂಜಿಯ ತಲೆಯಷ್ಟು ತೂತುಗಳು ಕಂಡರೆ ಅದು ಕುಟ್ಟೆ ಹಿಡಿದ ಗುರುತು. ತೂತು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳು ಎಂದೋ ಹೋಗಿರಬಹುದು. ಮರವನ್ನು ಜೋರಾಗಿ ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ಮನೆಯ ಬೇರೆ ಮರಕ್ಕೂ ಹಬ್ಬೀತು. ಮರದ ಹೊರಗಿನ ಬಿಳಿ ಭಾಗವೆಂದರೆ ಕುಟ್ಟೆಗೆ ಇಷ್ಟ. ತೇಗದ, ಬೀಟೆಯ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಅದು ಸುಲಭಕ್ಕೆ ಬಾಯಿ ಹಾಕುವುದಿಲ್ಲ.

ಕಾಲೂ ಚೌಕಟ್ಟೂ ಕೂಡುವ ಜಾಗವನ್ನೂ ನೋಡಿ. ಹಿಂದಿನ ಬಡಗಿಗಳು ಒಂದು ಮರದ ತುದಿಯನ್ನು ಇನ್ನೊಂದರ ಕುಳಿಗೆ ಕಚ್ಚಿಸಿ ಬೆಣೆ ಹೊಡೆಯುತ್ತಿದ್ದರು. ಅಲ್ಲಿ ಥಳಥಳ ಹೊಳೆಯುವ ಸ್ಕ್ರೂ ಕಂಡರೆ ಒಂದೋ ರಿಪೇರಿ ಆಗಿದೆ, ಇಲ್ಲವೇ ಮಾಲೇ ಹೊಸದು. ನಿಜವಾದ ಸವಕಲು ಕೈ ಕಾಲು ತಾಗುವ ಅಂಚಿನಲ್ಲಿ, ಮೂಲೆಯಲ್ಲಿ ಇರುತ್ತದೆ. ಮೈಯೆಲ್ಲ ಒಂದೇ ಸಮ ಸವೆದಿದ್ದರೆ ಅದು ಬೇಕೆಂದೇ ಸವೆಸಿದ್ದು. ಮಾವಿನ ಮರದಲ್ಲಿ ಹೊಸದಾಗಿ ಮಾಡಿ, ಉಜ್ಜಿ, ಗೀರಿ, ಹಳೆಯದರಂತೆ ಕಾಣಿಸುವ ಪೀಠೋಪಕರಣಗಳು ರಾಜಸ್ಥಾನದ ಜೋಧಪುರದಿಂದ ರಾಶಿ ರಾಶಿ ಬರುತ್ತವೆ. ಹೊಸದೆಂದು ಹೇಳಿ ಹೊಸದರ ಬೆಲೆಗೆ ಕೊಟ್ಟರೆ ಧಾರಾಳವಾಗಿ ಕೊಳ್ಳಿ. ಹಳೆಯದರ ಬೆಲೆ ಕೇಳಿದರೆ ಎದ್ದು ಬನ್ನಿ.

ಬೀಟೆಯ ವಿಷಯದಲ್ಲಂತೂ ಎರಡು ಪಟ್ಟು ಎಚ್ಚರ ಬೇಕು. ಉತ್ತರದ ಶೀಶಂ ಮರವನ್ನು 'ರೋಸ್‌ವುಡ್' ಎಂದು ಹೇಳಿ ಮಾರುವವರಿದ್ದಾರೆ. ಶೀಶಂ ಬೀಟೆಯ ಜಾತಿಗೇ ಸೇರಿದ ಗಟ್ಟಿ ಮರ, ಅದರಲ್ಲಿ ದೋಷವೇನಿಲ್ಲ, ಆದರೆ ಅದು ನಮ್ಮ ಮಲೆನಾಡಿನ ಬೀಟೆಯಲ್ಲ. ಮೈಸೂರಿನ ಬೀಟೆಮರದ ಕುಸುರಿ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಹಿಂದೆ ಅದರಲ್ಲಿ ಆನೆದಂತವನ್ನೂ ಕೂರಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ನಮ್ಮ ದೇಶದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರದು ಆಮದಾದ ದಂತದ್ದನ್ನೂ ನಿಲ್ಲಿಸಿತು. ಈಗಿನ ಕುಸುರಿಯಲ್ಲಿ ಬಣ್ಣಬಣ್ಣದ ಮರದ ಚೂರುಗಳೂ ಪ್ಲಾಸ್ಟಿಕ್ಕೂ ಇರುತ್ತವೆ. ಯಾರಾದರೂ ಗುಟ್ಟಾಗಿ 'ಇದು ಅಸಲಿ ದಂತದ್ದು' ಎಂದರೆ ಆ ಅಂಗಡಿಯ ಮೆಟ್ಟಿಲನ್ನೇ ಇಳಿದುಬಿಡಿ. ಅದನ್ನು ಕೊಳ್ಳುವುದು ಕಾನೂನಿಗೂ ವಿರುದ್ಧ, ಆನೆಗಳಿಗೂ ದ್ರೋಹ. ಅಮೆರಿಕದಲ್ಲಿರುವ ಮಗಳಿಗೆ ತಾತನ ಬೀಟೆ ಮೇಜು ಕಳಿಸುವ ಆಸೆ ಇದ್ದರೂ ಮೊದಲು ಕಾಗದಪತ್ರ ವಿಚಾರಿಸಿ. ಬೀಟೆ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ. ನೂರು ವರ್ಷ ದಾಟಿದ ಪ್ರಾಚ್ಯ ವಸ್ತುವಾದರೆ ಅದಕ್ಕೆಂದೇ ಇರುವ 1972ರ ಕಾಯ್ದೆಯೂ ಅಡ್ಡ ಬರುತ್ತದೆ.

ಹಳೆಯ ಮೇಜು ಎತ್ತರ ಹೆಚ್ಚಾಯಿತು ಎಂದು ಅದರ ಕಾಲು ಕೊಯ್ಯಿಸಬೇಡಿ, ದಯವಿಟ್ಟು. ಸೋಫಾದ ಪಕ್ಕಕ್ಕೆ ಇಟ್ಟು ದೀಪವನ್ನೋ ಹೂದಾನಿಯನ್ನೋ ಇಡಿ, ಚೆನ್ನಾಗಿಯೇ ಕಾಣುತ್ತದೆ. ಹಳೆಯ ಮೇಜಿನ ಮೇಲಿರುವ ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದೆ, ಸ್ಯಾನಿಟೈಸರ್ ಚೆಲ್ಲಿದರೆ ಪಾಲಿಶೇ ಕರಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಲೋಟದಡಿ ಏನಾದರೂ ಇಡಿ.

ಹೊಸದರಲ್ಲಿ ನೋಡಬೇಕಾದ್ದು ಬೇರೆ. ಮರದ ಗೆರೆ ಅಚ್ಚಾದ ಹಾಳೆಯನ್ನು ಮೇಲೆ ಅಂಟಿಸಿದ್ದರೆ, ಒಳಗಿರುವುದು ಒತ್ತಿದ ಹೊಟ್ಟಿನ ಹಲಗೆಯೇ ಆಗಿರಬಹುದು. ನಾವೋ ದಿನವೂ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವವರು. ಆ ಟೀಪಾಯಿಯ ಕಾಲು ನೀರು ಕುಡಿದು ಉಬ್ಬುತ್ತದೆ, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಇಲ್ಲಿಯೂ ಬಗ್ಗಿ ನೋಡಿ, ಅಡಿಯ ಅಂಚು ನಿಜ ಹೇಳುತ್ತದೆ. ಪ್ಲೈವುಡ್ ಆದರೆ ಐಎಸ್ 303 ಗುರುತಿನ, ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆ ಇರಲಿ, ಇನ್ನೂ ಗಟ್ಟಿ ಬೇಕಿದ್ದರೆ ಐಎಸ್ 710. ಕಬ್ಬಿಣದ ಕಾಲಾದರೆ ತುದಿಗೆ ರಬ್ಬರ್ ಬೂಟು ಹಾಕಿಸಿ, ಇಲ್ಲವಾದರೆ ಟೈಲ್ಸ್ ಮೇಲೆ ತುಕ್ಕಿನ ಕಲೆ ಕೂರುತ್ತದೆ. ಗಾಜು ಬೇಕೆನ್ನುವವರು 'ಟಫನ್ಡ್ ಗ್ಲಾಸ್' ಎಂದು ಕೇಳಿ ತನ್ನಿ, ಒಡೆದರೂ ಕತ್ತಿಯಂಥ ಚೂರಾಗದೆ ಸಣ್ಣ ಹರಳಾಗಿ ಉದುರುತ್ತದೆ. ಒಮ್ಮೆ ಹದಗೊಳಿಸಿದ ಆ ಗಾಜನ್ನು ಮತ್ತೆ ಕತ್ತರಿಸಲಾಗದು, ಆದ್ದರಿಂದ ಅಳತೆ ಮೊದಲೇ ಸರಿ ಇರಲಿ. ಅಮೃತಶಿಲೆ ಸುಣ್ಣದ ಅಂಶದ ಕಲ್ಲು. ನಿಂಬೆರಸ, ಹುಣಸೆ ಬಿದ್ದರೆ ಹೊಳಪು ತಿಂದುಹಾಕುತ್ತದೆ. ನಾವು ಚಿತ್ರಾನ್ನದ ತಟ್ಟೆ ಇಡುವವರು, ನಮಗದು ಹೊಂದುವುದಿಲ್ಲ.

ನನ್ನನ್ನು ಕೇಳಿದರೆ, ಬಾಡಿಗೆ ಮನೆಯವರು, ತಪ್ಪುಹೆಜ್ಜೆ ಇಡುವ ಮಗುವಿರುವವರು ಹೊಸದಾದ, ಹಗುರವಾದ, ದುಂಡು ಅಂಚಿನ ಮರದ ಟೀಪಾಯಿ ತನ್ನಿ. ಸ್ವಂತ ಮನೆಯವರಿಗೆ ಮನೆತನದ ಹಳೆಯದು ಇದ್ದರೆ ಅದೇ ಮೇಲು. ಇಲ್ಲದಿದ್ದರೆ ನಿಮ್ಮೂರಿನ ಬಡಗಿಯ ಹತ್ತಿರ ಒಣಗಿದ ಹಲಸಿನ ಮರದಲ್ಲೋ ತೇಗದಲ್ಲೋ ಸರಳವಾದ ನೇರ ಕಾಲಿನದನ್ನು ಮಾಡಿಸಿ. ಅಳತೆ ನಿಮ್ಮದು, ಮರ ಯಾವುದೆಂದು ಕಣ್ಣೆದುರೇ ಗೊತ್ತು, ಸಡಿಲವಾದರೆ ಕರೆಸಿ ಸರಿ ಮಾಡಿಸಬಹುದು. ಹಳೆಯದರಂತೆ ವೇಷ ಹಾಕಿದ್ದಕ್ಕೆ ಹೆಚ್ಚು ದುಡ್ಡು ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತಂದ ಮೇಲೆ ಅದನ್ನು ಉಗ್ರಾಣ ಮಾಡಬೇಡಿ. ವಾರದ ಪೇಪರು, ಮೂರು ರಿಮೋಟು, ಚಾರ್ಜರ್, ಬಾಚಣಿಗೆ ಎಲ್ಲಕ್ಕೂ ಬೇರೆ ಜಾಗ ಮಾಡಿ. ಹಿರಿಯರ ಬಿಪಿ, ಸಕ್ಕರೆ ಮಾತ್ರೆಗಳ ಡಬ್ಬಿ ಈಗಲೂ ಟೀಪಾಯಿಯ ಮೇಲೇ ಇದ್ದರೆ, ಇವತ್ತೇ ಎತ್ತಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ.